ತೋಟವಿಲ್ಲದ ಹತ್ತು ಮಂದಿ

ಓದಿದವರ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಗಂಡ ಬೆಂಜಮಿನ್ ಹೇಳುವ ಹಾಗೆ, ‘ನೀನು ಮಾತು ಶುರು ಮಾಡಿದರೆ ಡಿಗ್ರಿ ಇದ್ದವರೆಲ್ಲ ಕೊಡೆ ಬಿಡಿಸಿಕೊಳ್ಳಬೇಕು’ ಎಂದು ನೀವೂ ನಗುತ್ತೀರಿ. ನನಗೆ ಸಿಟ್ಟಿರುವುದು ಒಂದು ಸೊನ್ನೆಯ ಮೇಲೆ. ಬರೆದು ಏಳು ವರ್ಷವಾಯಿತು. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಮ್ಮದು ಕಟಪಾಡಿಯಿಂದ ಒಳಗೆ, ಶಂಕರಪುರ. ಇಲ್ಲಿ ಮಲ್ಲಿಗೆ ಗಿಡ ಇಲ್ಲದ ಅಂಗಳ ಇಲ್ಲ. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಒದ್ದೆ ಬಾಳೆನಾರಿನಲ್ಲಿ ಕಟ್ಟಿ, ಹೊತ್ತೇರುವ ಮೊದಲು ಏಜೆಂಟನ ಕಟ್ಟೆಗೆ ಮುಟ್ಟಿಸಬೇಕು. ಎಂಟುನೂರು ಮೊಗ್ಗಿಗೆ ಒಂದು ಚೆಂಡು. ಒಂದು ಗಂಟಿಗೆ ನಾಲ್ಕು ಮೊಗ್ಗು, ಇನ್ನೂರು ಗಂಟಿಗೆ ಚೆಂಡು ಮುಗಿಯಿತು. ನಾನು ಏಳು ವರ್ಷದವಳಿರುವಾಗಲೇ ಈ ಲೆಕ್ಕ ಕಲಿತವಳು. ನನ್ನ ಗಿಡಗಳಿಗೆ ಊರಲ್ಲಿ ಹೆಸರಿತ್ತು. ಆ ಹೆಸರನ್ನು ಹುಡುಕಿಕೊಂಡೇ ಎಪ್ಪತ್ತೆಂಟರ ಮಳೆ ಬಿಟ್ಟ ಮೇಲೆ ಹಯಗ್ರೀವ ಎಂಬವರು ನಮ್ಮ ಅಂಗಳಕ್ಕೆ ಬಂದರು.

ಅವರು ಮನಶ್ಶಾಸ್ತ್ರದ ಲೆಕ್ಚರರ್. ಎಲ್ಲರೂ ‘ಡಾಕ್ಟ್ರು’ ಎನ್ನುತ್ತಿದ್ದರು, ಆದರೆ ಇನ್ನೂ ಡಾಕ್ಟರ್ ಆಗಿರಲಿಲ್ಲ. ಆಗಲಿಕ್ಕೆಂದೇ ಒಂದು ಸಂಶೋಧನೆ ಮಾಡುತ್ತಿದ್ದರು. ಮಣಿಪಾಲದ ಇಳಿಜಾರಿನಲ್ಲಿ ಮನಸ್ಸಿನ ಕಾಯಿಲೆಯ ಹೆಂಗಸರನ್ನು ಇರಿಸಿಕೊಳ್ಳುವ ಒಂದು ಸಣ್ಣ ಖಾಸಗಿ ಮನೆ ಇತ್ತು. ಊರವರು ಅದನ್ನು ‘ಹೆಂಚಿನ ವಾರ್ಡು’ ಎಂದು ಕರೆಯುತ್ತಿದ್ದರು. ಅಲ್ಲಿಯವರಿಗೆ ಮಣ್ಣಿನ ಕೆಲಸ ಕೊಟ್ಟರೆ ಗುಣವಾಗುತ್ತದೆಯೇ ಎಂದು ಇವರು ನೋಡಬೇಕಿತ್ತು. ನಾನು ವಾರಕ್ಕೆ ಐದು ದಿನ ಬಂದು ತೋಟದ ಕೆಲಸ ಕಲಿಸಬೇಕಿತ್ತು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಹಾರೆ, ಪಿಕ್ಕಾಸು, ಬೀಜ ಎಲ್ಲವನ್ನೂ ಸ್ವಂತ ಸಂಬಳದಿಂದ ತಂದಿದ್ದರು. ನಾನು ಒಪ್ಪಿಕೊಂಡೆ.

ಮೊದಲ ದಿನವೇ ಜಗಳವಾಯಿತು. ವಾರ್ಡಿನಲ್ಲಿ ಇಪ್ಪತ್ತು ಮಂದಿ ಹೆಂಗಸರು. ಇಪ್ಪತ್ತು ಹೆಸರು ಚೀಟಿಯಲ್ಲಿ ಬರೆದು, ಸ್ಟೀಲಿನ ಚೊಂಬಿಗೆ ಹಾಕಿ ಅಲ್ಲಾಡಿಸಿದರು. ಮೊದಲು ಎತ್ತಿದ ಹತ್ತು ಮಂದಿಗೆ ತೋಟ. ಉಳಿದ ಹತ್ತು ಮಂದಿಗೆ ಜಗಲಿಯ ಬೆಂಚು.

“ಜಾಗ ಬೇಕಾದಷ್ಟು ಉಂಟಲ್ಲ ಸಾರ್. ಈ ಹತ್ತು ಮಂದಿ ಎಂತ ಪಾಪ ಮಾಡಿದ್ದಾರೆ?” ಎಂದೆ.

“ಪಾಪ ಅಲ್ಲ ಡುಲ್ಸಿನ್ ಬಾಯಿ. ತೋಟದಿಂದಲೇ ಗುಣ ಆಯಿತು ಅಂತ ಹೇಳಬೇಕಾದರೆ, ತೋಟ ಇಲ್ಲದವರು ಹೇಗಿದ್ದಾರೆ ಅಂತ ತೋರಿಸಬೇಕು. ಇಲ್ಲದಿದ್ದರೆ ಯಾರೂ ನಂಬುವುದಿಲ್ಲ.”

“ಹಾಗಾದ್ರೆ ನಾನು ಅರ್ಧ ಗಿಡಕ್ಕೆ ನೀರು ಹಾಕಿ, ಅರ್ಧ ಗಿಡ ಒಣಗಿಸಬೇಕಾ, ನೀರು ಒಳ್ಳೆಯದು ಅಂತ ಗೊತ್ತಾಗ್ಲಿಕ್ಕೆ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸಾರ್?”

ಅವರು ನಕ್ಕು, ನನ್ನ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡರು. ನಾನು ಬೈದದ್ದು, ಅವರು ಬರೆದುಕೊಂಡದ್ದು! ಇಂಥವರ ಹತ್ತಿರ ಎಂತ ಮಾತಾಡುವುದು?

ಆ ಬೆಂಚಿನ ಹತ್ತು ಮಂದಿಯಲ್ಲಿ ಒಬ್ಬಳು ನಳಿನಾಕ್ಷಿ. ಕಾರ್ಕಳದವಳು, ಇಪ್ಪತ್ತೆಂಟರ ಪ್ರಾಯ. ಹೆತ್ತ ಮಗು ಹತ್ತನೇ ದಿನಕ್ಕೆ ಹೋಯಿತು. ಆಮೇಲೆ ಊಟ ಬಿಟ್ಟಳು, ಮಾತು ಬಿಟ್ಟಳು. ಎರಡು ಸಲ ಬಾವಿಕಟ್ಟೆಯಿಂದ ಹಿಡಿದು ತಂದರಂತೆ. ಗಂಡನ ಮನೆಯವರು ತವರಿಗೆ ಬಿಟ್ಟರು, ತವರಿನವರು ಇಲ್ಲಿಗೆ ತಂದರು. ತಿಂಗಳ ಮೊದಲ ಭಾನುವಾರ ಅಣ್ಣ ಮಧ್ವರಾಜ ಒಂದು ಪೊಟ್ಟಣ ಬಿಸ್ಕತ್ತು ಹಿಡಿದು ಬರುತ್ತಿದ್ದ. ಕಾರ್ಕಳದ ಪೇಟೆಯಲ್ಲಿ ಅವನಿಗೆ ಟೈಲರ್ ಅಂಗಡಿ.

“ಕರ್ಕೊಂಡು ಹೋಗ್ಲಿಕ್ಕೆ ನನಗೆ ಮನಸ್ಸುಂಟು ಬಾಯಿ,” ಎಂದು ಒಮ್ಮೆ ನನ್ನ ಹತ್ತಿರ ಹೇಳಿದ. “ಆದ್ರೆ ಮನೆಯಲ್ಲಿ ಸಣ್ಣ ಮಗು ಉಂಟು. ನನ್ನ ಹೆಂಡತಿ ವಸಂತಿಗೆ ಹೆದರಿಕೆ. ಗುಣ ಆಗಿದೆ ಅಂತ ಡಾಕ್ಟ್ರು ಒಂದು ಕಾಗದ ಬರೆದುಕೊಟ್ಟರೆ ಸಾಕು, ಅವಳಿಗೆ ತೋರಿಸ್ತೇನೆ. ಊರಲ್ಲಿ ಯಾರಿಗೂ ಗೊತ್ತಿಲ್ಲ. ಬೊಂಬಾಯಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ ಅಂತ ಹೇಳಿದ್ದೇವೆ.”

ಆ ಕಾಗದ ಎಷ್ಟು ದೊಡ್ಡದೆಂದು ನನಗೆ ಗೊತ್ತಿತ್ತು. ಸಂಶೋಧನೆ ಮುಗಿಯುವ ಮಾರ್ಚ್ ತಿಂಗಳಿಗೆ ವಾರ್ಡು ಮುಚ್ಚುವುದೆಂದು ಆಗಲೇ ತೀರ್ಮಾನವಾಗಿತ್ತು. ಹಯಗ್ರೀವರ ಪಟ್ಟಿಯಲ್ಲಿ ‘ಸುಧಾರಿಸಿದೆ’ ಎಂದಿದ್ದವರು ಮನೆಗೆ. ಉಳಿದವರು ಘಟ್ಟದ ಮೇಲಿನ ದೊಡ್ಡ ಆಸ್ಪತ್ರೆಗೆ. ಹಾಗೆ ಘಟ್ಟ ಹತ್ತಿದವರು ಇಳಿದು ಬಂದದ್ದನ್ನು ನಾನಂತೂ ನೋಡಿಲ್ಲ.

ನಳಿನಾಕ್ಷಿ ಬೆಂಚಿನ ಮೇಲೆ ಕುಳಿತು ಇಡೀ ದಿನ ತುಳುವಿನಲ್ಲಿ ಪಿಸುಗುಡುತ್ತಾ ಲೆಕ್ಕ ಮಾಡುತ್ತಿದ್ದಳು. ನಾಲ್ಕು, ಎಂಟು, ಹನ್ನೆರಡು. ಎಡಗೈಯ ಹೆಬ್ಬೆರಳು ಎರಡು ಬೆರಳುಗಳ ಮೇಲೆ ಆಡುತ್ತಲೇ ಇತ್ತು. ಎಂಟುನೂರಕ್ಕೆ ಮುಟ್ಟಿದ ಮೇಲೆ ‘ಒಂದು’ ಎಂದು ಸೇರಿಸುವಳು, ಮತ್ತೆ ನಾಲ್ಕರಿಂದ ಶುರು. ಅವಳ ಫೈಲಿನಲ್ಲಿ ಏನು ಬರೆದಿದೆ ಎಂದು ಹಯಗ್ರೀವರೇ ಓದಿ ಹೇಳಿದರು: ‘ಎಣಿಕೆಯ ಗೀಳು. ಕೈಗಳಲ್ಲಿ ಅರ್ಥವಿಲ್ಲದ ಚಲನೆ.’

ಜೆಜು ಮರಿ ಜುಜೆ, ನನ್ನ ದೇವರೇ! ಅರ್ಥವಿಲ್ಲದ ಚಲನೆಯಂತೆ! ಈ ಮನುಷ್ಯ ಉಡುಪಿಯವರು. ಅವರ ಮನೆಯ ದೇವರಿಗೆ ದಿನಾ ಬೆಳಿಗ್ಗೆ ಮಲ್ಲಿಗೆ ಬರುತ್ತದೆ. ಹೂವು ನೋಡಿದ್ದಾರೆ, ಕಟ್ಟುವ ಕೈ ನೋಡಿಲ್ಲ. ಅವಳು ಚೆಂಡು ಕಟ್ಟುತ್ತಿದ್ದಳು, ಕೈಯಲ್ಲಿ ಮೊಗ್ಗು ಇರಲಿಲ್ಲ ಅಷ್ಟೆ. ಆ ಕೊನೆಯ ‘ಒಂದು’ ಯಾಕೆಂದು ಮಾತ್ರ ನನಗೂ ತಿಳಿಯಲಿಲ್ಲ. ಅಷ್ಟಾದರೂ ಕಾಯಿಲೆ ಇರಬೇಕಲ್ಲ ಎಂದುಕೊಂಡೆ.

ಬೆಂಚಿನಲ್ಲಿ ಬೇರೆಯವರೂ ಇದ್ದರು. ಎಲಿಜಬೆತ್ ಎಂಬವಳು ಇಲ್ಲದ ಏನನ್ನೋ ಬೆರಳುಗಳ ನಡುವೆ ಉರುಳಿಸಿ ಉರುಳಿಸಿ, ತುದಿಯನ್ನು ಉಗುರಿನಿಂದ ಒತ್ತುತ್ತಿದ್ದಳು. ಮಲ್ಪೆಯ ಒಬ್ಬಳು ಸೆರಗಿನ ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಬರಿಗೈಯನ್ನು ಅದರ ಒಳಗೆ ಹೊರಗೆ ಆಡಿಸುತ್ತಾ ಇರುತ್ತಿದ್ದಳು. ಪಾಪ, ಇವಕ್ಕೆ ಪೂರಾ ಹುಚ್ಚು ಎಂದು ನಾನು ಆಚೆ ತಿರುಗಿ ಹೋಗುತ್ತಿದ್ದೆ.

ಫೈಲು ಓದಿಸಿ ಕೇಳಿದ ಮರುದಿನ ಬೆಳಿಗ್ಗೆ ಒಂದು ಸೇರು ಮೊಗ್ಗನ್ನು ಬಾಳೆಲೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ಹಯಗ್ರೀವರು ಬರುವುದು ಹತ್ತು ಗಂಟೆಗೆ. ನಳಿನಾಕ್ಷಿಯನ್ನು ಮೆಟ್ಟಿಲಿನ ಕೆಳಗೆ, ಸೌದೆ ಇಡುವ ಮೂಲೆಗೆ ಕರೆದುಕೊಂಡು ಹೋಗಿ, ಮೊಗ್ಗು ಮತ್ತು ನಾರನ್ನು ಮಡಿಲಿಗೆ ಹಾಕಿದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ನಾರನ್ನು ಎತ್ತಿ, ಬೆರಳಲ್ಲಿ ಎಳೆದು ನೋಡಿ, ನನ್ನನ್ನು ಗದರಿಸಿದಳು.

“ಇದು ಒಣಗಿದೆ. ತುಂಡಾಗ್ತದೆ.”

ಆ ಎಣಿಕೆ ಬಿಟ್ಟರೆ, ಒಂದು ವರ್ಷದಲ್ಲಿ ಅವಳು ಆಡಿದ ಮೊದಲ ಮಾತು ಅದು. ನಾನು ಓಡಿದೆ ನೋಡಿ, ಚೊಂಬಿನಲ್ಲಿ ನೀರು ತರಲಿಕ್ಕೆ! ಕಣ್ಣಲ್ಲಿ ನೀರು ಬಂದು ದಾರಿಯೂ ಕಾಣುತ್ತಿರಲಿಲ್ಲ.

ಅಲ್ಲಿಂದ ನಾಲ್ಕು ತಿಂಗಳು, ನಾನು ಹೋದ ದಿನವೆಲ್ಲ ಬೆಳಿಗ್ಗೆ ಮೆಟ್ಟಿಲ ಕೆಳಗೆ ಒಂದು ಚೆಂಡು. ಡಿಸೆಂಬರಿಗೆ ತಾನೇ ತಲೆ ಬಾಚಿಕೊಂಡಳು. ಕ್ರಿಸ್ಮಸಿಗೆ ನಾನು ತಂದ ಕುಸ್ವಾರಿನ ತಿಂಡಿಗಳಲ್ಲಿ ಕರ್ಜಿಕಾಯಿಯಂಥ ನೆವ್ರಿಯನ್ನು ತಿಂದು, ‘ನೆವ್ರಿಗೆ ಸಕ್ಕರೆ ಕಡಿಮೆ’ ಎಂದಳು. ನನ್ನ ಅತ್ತೆಯೂ ಹಾಗೆ ಹೇಳುವ ಧೈರ್ಯ ಮಾಡಿಲ್ಲ! ಜನವರಿಯಲ್ಲಿ ಮಗುವಿನ ವಿಷಯ ಹೇಳಿ ಅತ್ತಳು, ಅತ್ತು ಮುಗಿಸಿ ಊಟ ಮಾಡಿದಳು. ಅಣ್ಣ ಬಂದಾಗ ಅವನ ಮಗುವಿಗೆ ಹಲ್ಲು ಬಂತಾ ಎಂದು ಕೇಳಿದಳು. ಆವತ್ತು ಮಧ್ವರಾಜ ಗೇಟಿನ ಹತ್ತಿರ ನಿಂತು ಮುಖ ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಒಂದು ಹಟ ಮಾತ್ರ ಬಿಡಲಿಲ್ಲ. ಪ್ರತಿ ಚೆಂಡಿನ ಕೊನೆಯ ಗಂಟಿಗೆ ನಾಲ್ಕರ ಬದಲು ಐದು ಮೊಗ್ಗು. ಎಂಟುನೂರ ಒಂದು.

“ಎಂಟುನೂರು ಸಾಕು ಮಾರಾಯ್ತಿ. ಈ ಒಂದು ಯಾಕೆ? ಡಾಕ್ಟ್ರು ನೋಡಿದ್ರೆ ಇನ್ನೂ ಗೀಳು ಉಂಟು ಅಂತ ಬರೀತಾರೆ,” ಎಂದು ಬೈಯುತ್ತಿದ್ದೆ. ಅವಳು ಸುಮ್ಮನೆ ನಗುತ್ತಿದ್ದಳು. ನಾನು ಆ ಐದನೆಯದನ್ನು ಉಗುರಿನಿಂದ ಚಿವುಟಿ ತೆಗೆಯುತ್ತಿದ್ದೆ.

ಫೆಬ್ರವರಿಯಲ್ಲಿ ಸಂಶೋಧನೆಯ ಫಲವನ್ನು ಸಾರ್ವಜನಿಕರಿಗೆ ತಿಳಿಸುವ ಸಭೆಗಳು ಶುರುವಾದವು. ಮೊದಲನೆಯದು ಕಾಪುವಿನ ಒಂದು ಶಾಲೆಯಲ್ಲಿ. ನಮ್ಮ ಹತ್ತು ಮಂದಿ ಬೆಳೆದ ಬಸಳೆ, ಬೆಂಡೆ, ಅಬ್ಬಲಿಗೆ ಹೂವನ್ನೆಲ್ಲ ಮೇಜಿನ ಮೇಲೆ ಜೋಡಿಸಿ ನಾನು ಪಕ್ಕದಲ್ಲಿ ನಿಂತಿದ್ದೆ. ಹಯಗ್ರೀವರು ಚೆನ್ನಾಗಿಯೇ ಮಾತಾಡಿದರು. ಮನಸ್ಸಿಗೂ ಜ್ವರ ಬರುತ್ತದೆ, ಅದಕ್ಕೆ ಮಂತ್ರ ಬೇಡ, ಮದ್ದುಂಟು, ಕೆಲಸ ಉಂಟು, ಪ್ರೀತಿ ಉಂಟು ಎಂದರು. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ಗೋಡೆಗೆ ಒಂದು ದೊಡ್ಡ ಕಾಗದ ತೂಗುಹಾಕಿದರು. ‘ತೋಟವಿದ್ದ ಹತ್ತು ಮಂದಿ: ಸುಧಾರಿಸಿದವರು ಏಳು. ತೋಟವಿಲ್ಲದ ಹತ್ತು ಮಂದಿ: ಸುಧಾರಿಸಿದವರು ಸೊನ್ನೆ.’

ನನ್ನ ಚಪ್ಪಾಳೆಯ ಕೈ ಹಾಗೇ ನಿಂತಿತು. ಸಭೆ ಮುಗಿದು ಬಸ್ಸಿಗೆ ಕಾಯುವಾಗ, ಹೆದ್ದಾರಿಯ ಬದಿಯಲ್ಲೇ ಅವರನ್ನು ಹಿಡಿದುಕೊಂಡೆ.

“ಸಾರ್, ನಳಿನಾಕ್ಷಿಗೆ ಸೊನ್ನೆಯಾ?”

ಅವರು ಕನ್ನಡಕ ತೆಗೆದು ಒರೆಸಿದರು. “ನನಗೆ ಗೊತ್ತುಂಟು ಬಾಯಿ. ಮೆಟ್ಟಿಲ ಕೆಳಗೆ ಬಾಳೆನಾರು ಬಿದ್ದಿತ್ತು. ಜನವರಿಯಿಂದ ಗೊತ್ತುಂಟು.”

“ಗೊತ್ತಿದ್ದೂ ಸೊನ್ನೆ ಬರೆದದ್ದಾ?”

“ಅವಳು ತೋಟ ಇಲ್ಲದ ಗುಂಪಿನವಳು. ನೀವು ಗುಟ್ಟಾಗಿ ಹೂ ಕೊಟ್ಟದ್ದರಿಂದ ಗುಣ ಆದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಇಡೀ ಸಂಶೋಧನೆಯೇ ಬಿದ್ದುಹೋಗ್ತದೆ. ನಾಳೆ ಇಂಥ ತೋಟ ಹತ್ತು ಕಡೆ ಆಗಬೇಕಾದರೆ ಈ ಅಂಕಿ ಬೇಕು. ನೂರಾರು ಜನರಿಗೆ ಉಪಕಾರ ಆಗ್ತದೆ.”

“ಆ ನೂರಾರು ಜನ ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಇವಳು ಇಲ್ಲಿದ್ದಾಳೆ. ಇವಳು ಘಟ್ಟ ಹತ್ತುತ್ತಾಳೆ ಸಾರ್! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂದ್ರೆ ಇದೇ!”

“ನಿಯಮ ಮುರಿದದ್ದು ನೀವು,” ಎಂದರು ಅವರು ಮೆಲ್ಲಗೆ.

ಅದು ಸತ್ಯ. ಸತ್ಯವಾದ ಕಾರಣವೇ ಮೈಯೆಲ್ಲ ಇನ್ನಷ್ಟು ಉರಿಯಿತು. ಬಸ್ಸು ಬಂತು. ನಾನು ಮುಂದಿನ ಬಾಗಿಲಲ್ಲಿ ಹತ್ತಿದೆ, ಅವರು ಹಿಂದಿನ ಬಾಗಿಲಲ್ಲಿ ಹತ್ತಿದರು. ಕಟಪಾಡಿಯವರೆಗೆ ನಾನು ತಿರುಗಿ ನೋಡಲಿಲ್ಲ.

ಕೊನೆಯ ಸಭೆ ಕಾರ್ಕಳದಲ್ಲಿ, ಮಾರ್ಚ್ ಮೊದಲ ಶನಿವಾರ. ಆವತ್ತು ಬೆಳಿಗ್ಗೆ ನಳಿನಾಕ್ಷಿ ಚೆಂಡು ಕಟ್ಟಿ, ಎಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. “ಇದು ಅತ್ತಿಗೆಗೆ. ಅಣ್ಣ ಸಭೆಗೆ ಬರ್ತಾನೆ, ಅವನ ಕೈಯಲ್ಲಿ ಕೊಡಿ ಬಾಯಿ. ನಾನು ಬರುವಾಗ ದಿನಾ ಕಟ್ಟಿಕೊಡ್ತೇನೆ ಅಂತ ಹೇಳಿ.” ಅವಳ ಸಣ್ಣ ಟ್ರಂಕು ಆಗಲೇ ಮಂಚದ ಮೇಲಿತ್ತು. ಸೀರೆ ಮಡಚಿಟ್ಟಿದ್ದಳು. ಯಾರೂ ಅವಳಿಗೆ ಸೊನ್ನೆಯ ವಿಷಯ ಹೇಳಿರಲಿಲ್ಲ. ನನ್ನ ನಾಲಿಗೆಯೂ ಏಳಲಿಲ್ಲ.

ಕಾರ್ಕಳದ ಸಭಾಭವನದಲ್ಲಿ ಜನ ತುಂಬಿದ್ದರು. ಮೂರನೆಯ ಸಾಲಿನಲ್ಲಿ ಮಧ್ವರಾಜ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಎದುರಿನ ಸಾಲಿನಲ್ಲಿ ಪೇಟೆಯಲ್ಲಿ ಹೂ ಮಾರುವ ಶ್ರೀಮತಿಯಕ್ಕ. ಬಾಗಿಲಿನ ಮುಂದೆಯೇ ಅವಳ ಬುಟ್ಟಿ, ಸೆಖೆಗೆ ಫ್ಯಾನಿನ ಕೆಳಗೆ ಬಂದು ಕುಳಿತಿದ್ದಳು. ಭಾಷಣವಾಯಿತು. ಕಾಗದ ತೂಗುಹಾಕಿದರು. ಏಳು, ಸೊನ್ನೆ. ಮಧ್ವರಾಜ ಆ ಸೊನ್ನೆಯನ್ನು ನೋಡುತ್ತಲೇ ಇದ್ದ. ತಂಗಿ ಯಾವ ಹತ್ತರಲ್ಲಿದ್ದಾಳೆಂದು ಅವನಿಗೆ ಗೊತ್ತಿತ್ತು. ಅವನ ಭುಜ ಮೆಲ್ಲನೆ ಕೆಳಗೆ ಇಳಿಯಿತು.

ಅಷ್ಟರಲ್ಲಿ ನನ್ನ ಹೆಸರು ಕರೆದು, ವೇದಿಕೆಗೆ ಹತ್ತಿಸಿ, ಶಾಲು ಹೊದೆಸಿದರು. ಎರಡು ಮಾತು ಹೇಳಿ ಎಂದರು. ನಾನು ಶಾಲು ತೆಗೆದು ಕುರ್ಚಿಯ ಮೇಲಿಟ್ಟೆ.

“ಆ ಸೊನ್ನೆ ಸುಳ್ಳು,” ಎಂದೆ.

ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಮಧ್ವರಾಜನ ಮುಖ ಕಂಡಿತು. ಬೊಂಬಾಯಿಯ ಚಿಕ್ಕಮ್ಮ ನೆನಪಾದಳು. ಇಡೀ ಪೇಟೆ ಕುಳಿತಿದೆ. ಇಲ್ಲಿ ಹೆಸರು ಹೇಳಿದರೆ ಅವಳು ಬದುಕಬೇಕಾದ ಊರಲ್ಲಿ ಅವಳ ಮರ್ಯಾದೆಯನ್ನು ನಾನೇ ತೆಗೆದಂತೆ. ಹೆಸರನ್ನು ನುಂಗಿಕೊಂಡೆ. ಎಲೆ ಬಿಚ್ಚಿ ಚೆಂಡನ್ನು ಎತ್ತಿ ಹಿಡಿದೆ.

“ಇದನ್ನು ಕಟ್ಟಿದವಳು ಆ ಸೊನ್ನೆಯ ಹತ್ತರಲ್ಲಿ ಒಬ್ಬಳು. ಯಾರು ಅಂತ ಹೇಳುವುದಿಲ್ಲ, ಕೇಳಬೇಡಿ. ನಾನು ನಿಯಮ ಮುರಿದು ಅವಳಿಗೆ ಹೂ ಕೊಟ್ಟೆ, ತಪ್ಪು ನನ್ನದು. ಗುಣ ಆದದ್ದು ಅವಳ ತಪ್ಪಾ? ಇಲ್ಲಿ ಹೂವಿನ ಲೆಕ್ಕ ಗೊತ್ತಿದ್ದವರು ಯಾರಾದರೂ ಎಣಿಸಿ. ಸರಿಯಾಗಿ ಎಂಟುನೂರು ಇಲ್ಲದಿದ್ದರೆ ನಾನು ಕೈ ಮುಗಿದು ಇಳಿದು ಹೋಗ್ತೇನೆ.”

ಶ್ರೀಮತಿಯಕ್ಕ ಎದ್ದು ಬಂದು ಚೆಂಡನ್ನು ತೆಗೆದುಕೊಂಡಳು. ಅವಳ ಹೆಬ್ಬೆರಳು ಗಂಟಿನಿಂದ ಗಂಟಿಗೆ ಸರಸರನೆ ಹರಿಯಿತು. ಆಗಲೇ ನನಗೆ ನೆನಪಾದದ್ದು. ಆವತ್ತು ಟ್ರಂಕು ನೋಡಿದ ಸಂಕಟದಲ್ಲಿ ಐದನೆಯ ಮೊಗ್ಗನ್ನು ಚಿವುಟಿರಲಿಲ್ಲ.

“ಇನ್ನೂರು ಗಂಟು,” ಎಂದಳು ಶ್ರೀಮತಿಯಕ್ಕ. “ಕಡೆಯದರಲ್ಲಿ ಐದು. ಎಂಟುನೂರ ಒಂದು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಯಗ್ರೀವರು ಮೈಕಿನ ಹತ್ತಿರ ಬಂದು, “ನೋಡಿ, ಡುಲ್ಸಿನ್ ಬಾಯಿಯವರ ಕಾಳಜಿ ದೊಡ್ಡದು. ಆದರೆ ಈ ಒಂದು ಹೆಚ್ಚಿನದು ಕಾಯಿಲೆಯ ಲಕ್ಷಣವೇ. ಅವಳ ಫೈಲಿನಲ್ಲಿಯೂ ಉಂಟು,” ಎಂದರು.

ಶ್ರೀಮತಿಯಕ್ಕ ಅವರ ಕಡೆ ತಿರುಗಿದಳು.

“ಎಂತ ಲಕ್ಷಣ ಮಾರಾಯ್ರೆ? ದಾರಿಯಲ್ಲಿ ಒಂದು ಉದುರೀತು, ತಗೊಂಡವರಿಗೆ ಕಡಿಮೆ ಆಗಬಾರದು ಅಂತ ಒಂದು ಹೆಚ್ಚು ಕಟ್ಟುವುದು. ನಮ್ಮ ಪೇಟೆಯಲ್ಲಿ ಹಾಗೆ ಕಟ್ಟುವವಳು ಒಬ್ಬಳೇ ಇದ್ದದ್ದು. ತೀರಿಹೋಗಿ ಆರು ವರ್ಷ ಆಯ್ತು. ಅವಳ ಹತ್ತಿರ ಕಲಿತ ಕೈ ಇದು.” ಅವಳ ಕಣ್ಣು ಮೂರನೆಯ ಸಾಲಿಗೆ ಹೋಗಿ ಒಂದು ಗಳಿಗೆ ನಿಂತಿತು. ಮತ್ತೆ ಬೇಕೆಂದೇ ಆಚೆ ತಿರುಗಿದಳು. “ಯಾರ ಕೈ ಅಂತ ನಾನು ಕೇಳುವುದಿಲ್ಲ. ಇನ್ನೊಬ್ಬರ ಜಡೆಗೆ ಹೂ ಕಡಿಮೆ ಆದೀತು ಅಂತ ಯೋಚನೆ ಮಾಡುವವಳಿಗೆ ತಲೆ ಸರಿ ಇಲ್ಲ ಅಂತಾದ್ರೆ, ಸರಿ ಇದ್ದವರು ಯಾರು ಡಾಕ್ಟ್ರೇ?”

ಆಗ ಮಧ್ವರಾಜ ಎದ್ದ. ಸಾಲಿನಿಂದ ಹೊರಗೆ ಬಂದು, ಶ್ರೀಮತಿಯಕ್ಕನ ಕೈಯಿಂದ ಚೆಂಡನ್ನು ತೆಗೆದುಕೊಂಡು, ಜನರ ಕಡೆ ತಿರುಗಿದ.

“ಅದು ನನ್ನ ಅಮ್ಮನ ಲೆಕ್ಕ. ಇದು ನನ್ನ ತಂಗಿ ನಳಿನಾಕ್ಷಿ ಕಟ್ಟಿದ್ದು. ಅವಳು ಬೊಂಬಾಯಿಯಲ್ಲಿ ಇಲ್ಲ, ಮಣಿಪಾಲದಲ್ಲಿದ್ದಾಳೆ. ನನಗೆ ಯಾರ ಕಾಗದವೂ ಬೇಡ. ನಾಳೆ ಬೆಳಿಗ್ಗಿನ ಬಸ್ಸಿಗೆ ಹೋಗಿ ಕರ್ಕೊಂಡು ಬರ್ತೇನೆ.”

ಕರೆದುಕೊಂಡು ಹೋದ. ಈಗ ಅವಳು ಶ್ರೀಮತಿಯಕ್ಕನ ಪಕ್ಕದಲ್ಲೇ ಕುಳಿತು ಹೂ ಮಾರುತ್ತಾಳೆ. ವಸಂತಿಯ ಮಗುವನ್ನು ಬಾಲವಾಡಿಗೆ ಬಿಟ್ಟು ಬರುತ್ತಿದ್ದವಳೂ ಅವಳೇ. ನಡುವೆ ಎರಡು ಸಲ ಮಣಿಪಾಲದ ಆಸ್ಪತ್ರೆಗೆ ಮದ್ದಿಗೆ ಬಂದಿದ್ದಳು, ಮತ್ತೆ ಸರಿಯಾದಳು.

ಹಯಗ್ರೀವರು ಡಾಕ್ಟರ್ ಆದರು. ಸಂಶೋಧನೆ ಪುಸ್ತಕವಾಗಿ ಬಂದಾಗ ನನಗೂ ಒಂದು ಪ್ರತಿ ಕಳಿಸಿದರು, ನನ್ನ ಹೆಸರೂ ಕೃತಜ್ಞತೆಯಲ್ಲಿತ್ತು. ಬೆಂಜಮಿನ್ ಓದಿ ಹೇಳಿದ. ನಲವತ್ತೊಂದನೆಯ ಪುಟದಲ್ಲಿ ಆ ಸೊನ್ನೆ ಹಾಗೇ ಇತ್ತು. ನಾನು ಪುಸ್ತಕವನ್ನು ಅಂಗಳಕ್ಕೆ ಬಿಸಾಡಿದೆ. ಊರೂರಿಗೆ ಹೋಗಿ ಹೇಳಿದೆ, ಓದಿದವರಿಗೆ ಕಣ್ಣಿಲ್ಲ, ಕೈಯನ್ನು ನೋಡಿ ಗುರುತಿಸಲಿಕ್ಕೆ ನನ್ನಂಥವಳೇ ಬೇಕಾಯಿತು ಎಂದು.

ಹೋದ ತಿಂಗಳು ಮೀನಿಗೆಂದು ಮಲ್ಪೆಗೆ ಹೋಗಿದ್ದೆ. ದೋಣಿ ನಿಲ್ಲುವ ದಕ್ಕೆಯ ಹತ್ತಿರ ಒಬ್ಬಳು ಹೆಂಗಸು ಹರಿದ ಬಲೆಯ ತುದಿಯನ್ನು ಕಂಬಕ್ಕೆ ಸಿಕ್ಕಿಸಿ, ನೂಲು ಸುತ್ತಿದ ಕಡ್ಡಿಯನ್ನು ಬಲೆಯ ಕಣ್ಣುಗಳ ಒಳಗೆ ಹೊರಗೆ ಆಡಿಸುತ್ತಾ ಕುಳಿತಿದ್ದಳು. ನಾನು ಬುಟ್ಟಿ ಕೆಳಗಿಟ್ಟು ನಿಂತುಬಿಟ್ಟೆ. ವಾರ್ಡಿನ ಕಿಟಕಿಯ ಸರಳು ಕಣ್ಣಿಗೆ ಬಂತು, ಅದಕ್ಕೆ ಸಿಕ್ಕಿಸಿದ ಸೆರಗು ಬಂತು. ಆಮೇಲೆ ಎಲಿಜಬೆತ್‌ಳ ಬೆರಳು. ಎಲೆ ಉರುಳಿಸಿ, ತುದಿ ಮಡಚಿ, ಉಗುರಿನಿಂದ ಒತ್ತುವುದು. ನಮ್ಮ ಊರಲ್ಲೇ ನೂರು ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ದಿನಾ ನೋಡುತ್ತೇನೆ.

ಆ ಬೆಂಚಿನಲ್ಲಿ ಇನ್ನೂ ಒಂಬತ್ತು ಮಂದಿ ಇದ್ದರು. ಮಾರ್ಚಿನಲ್ಲಿ ಒಂದು ವ್ಯಾನು ಬಂದು ಅವರನ್ನು ಘಟ್ಟಕ್ಕೆ ಕರೆದುಕೊಂಡು ಹೋಯಿತು. ನಾನು ಅದೇ ಜಗಲಿಯಲ್ಲಿ ನಿಂತು ಕೈ ಬೀಸಿದ್ದೆ.